ಹನ್ನೆರಡು ಮಂದಿಯೂ ಒಂದು ‘ಕಾರಣ’ವೂ

ರೆಜಿನಾಲ್ಡ್ ರೋಸ್ ಅವರ ‘ಟ್ವೆಲ್ವ್ ಆಂಗ್ರಿ ಮೆನ್’ 1954ರಲ್ಲಿ ಅಮೆರಿಕದ ಟೆಲಿವಿಷನ್ನಿಗಾಗಿ ಬರೆದ ನಾಟಕ. 1957ರಲ್ಲಿ ಸಿಡ್ನಿ ಲುಮೆಟ್ ಅದನ್ನು ಚಲನಚಿತ್ರಕ್ಕೆ ತಂದರು. ತಂದೆಯನ್ನು ಇರಿದು ಕೊಂದನೆಂಬ ಆಪಾದನೆ ಹೊತ್ತ ಹುಡುಗನ ಪ್ರಾಣ ಹನ್ನೆರಡು ಮಂದಿಯ ಜ್ಯೂರಿಯ ಕೈಯಲ್ಲಿದೆ. ಹನ್ನೊಂದು ಮಂದಿ ತಪ್ಪಿತಸ್ಥನೆನ್ನುತ್ತಾರೆ, ಎಂಟನೆಯವನೊಬ್ಬ ಒಪ್ಪುವುದಿಲ್ಲ. ಆ ಒಂಟಿ ದನಿಯ ಹಿರಿಮೆಯನ್ನು ಕೊಂಡಾಡಿದವರು ಬಹಳ. ನನ್ನನ್ನು ಕಾಡುವ ಪ್ರಶ್ನೆ ಬೇರೆ: ಈ ಹನ್ನೆರಡು ಮಂದಿ ಆ ಕೋಣೆಯೊಳಕ್ಕೆ ಬಂದುದಾದರೂ ಹೇಗೆ?

ಅಮೆರಿಕದ ನ್ಯಾಯಾಲಯಗಳಲ್ಲಿ ಜ್ಯೂರಿಗೆ ಕರೆದವರನ್ನು ಮೊದಲು ಪ್ರಶ್ನಿಸಿ ಜರಡಿ ಹಿಡಿಯುತ್ತಾರೆ. ಗೊತ್ತಾದಷ್ಟು ಮಂದಿಯನ್ನು ವಕೀಲರು ಕಾರಣ ಹೇಳದೆಯೇ ಬೇಡವೆನ್ನಬಹುದು. 1986ರ ಬ್ಯಾಟ್ಸನ್ ತೀರ್ಪಿನಿಂದೀಚೆಗೆ ಜನಾಂಗ ನೋಡಿ ಮಾತ್ರ ಹಾಗೆ ತಳ್ಳುವಂತಿಲ್ಲ. ‘ಕಾರಣ’ ತೋರಿಸಿ ತೆಗೆಸುವುದಕ್ಕೆ ಸಂಖ್ಯೆಯ ಮಿತಿಯಿಲ್ಲ. ಆದರೆ ನ್ಯಾಯಾಧೀಶರು ಒಪ್ಪಬೇಕು. ಇದು ನಮ್ಮ ಮನೆಮಾತಿನ ಕಾರಣವಲ್ಲ. ಮುಖ ಹಿಡಿಸಲಿಲ್ಲವೆಂಬುದು ಹೆಣ್ಣು ನೋಡಲು ಹೋದವರಿಗೆ ಸಾಕಾದೀತು, ಇಲ್ಲಿ ಸಾಲದು. 1807ರಲ್ಲಿ ಆರನ್ ಬರ್ ಮೇಲಿನ ದೇಶದ್ರೋಹದ ಮೊಕದ್ದಮೆಯಲ್ಲಿ ಮುಖ್ಯ ನ್ಯಾಯಮೂರ್ತಿ ಮಾರ್ಷಲ್ ಗೆರೆ ಎಳೆದರು: ಸಾಕ್ಷ್ಯಕ್ಕೆ ಮಣಿಯಬಲ್ಲ ಹಗುರವಾದ ಅಭಿಪ್ರಾಯ ಅಡ್ಡಿಯಲ್ಲ, ಸಾಕ್ಷ್ಯ ಬಂದರೂ ಮನಸ್ಸಿನ ಬಾಗಿಲು ತೆರೆಯಗೊಡದ ಅಭಿಪ್ರಾಯ ಅಡ್ಡಿ.

ಈ ಅಳತೆಗೋಲನ್ನು ಹಿಡಿದು ನಾಟಕವನ್ನು ನೋಡಬೇಕು. ಹತ್ತನೆಯವನಿಗೆ ಹುಡುಗನ ಜನರೆಂದರೇ ಹೇಸಿಗೆ. ಅವನ ಮಾತು ವಿಪರೀತವಾದಾಗ ಉಳಿದವರು ಬೆನ್ನು ತಿರುಗಿಸುತ್ತಾರೆ. ಅವನ ವಿಷಯ ಸುಲಭ. ಮೂರನೆಯವನದು ಕಠಿಣ. ತನ್ನನ್ನು ಹೊಡೆದು ದೂರವಾದ ಮಗನ ಮೇಲಿನ ಸಿಟ್ಟನ್ನು ಅವನು ಈ ಪರರ ಮಗನ ಮೇಲೆ ತೀರಿಸಿಕೊಳ್ಳಲು ಕುಳಿತಿದ್ದಾನೆ. ಆದರೆ ಅದು ಅವನಿಗೇ ತಿಳಿದಿಲ್ಲ! ಪ್ರಶ್ನೆ ಕೇಳಿದ್ದರೆ ತಾನು ನಿಷ್ಪಕ್ಷಪಾತಿಯೆಂದು ಪ್ರಾಮಾಣಿಕವಾಗಿಯೇ ಪ್ರಮಾಣ ಮಾಡುತ್ತಿದ್ದ. ಐದನೆಯವನು ಕೊಳೆಗೇರಿಯಲ್ಲಿ ಬೆಳೆದವನು. ಮಡಿಸುವ ಚಾಕುವನ್ನು ಕೆಳಗಿನಿಂದ ಮೇಲಕ್ಕೆ ತಿವಿಯುತ್ತಾರೆಂಬುದು ಅವನಿಗಲ್ಲದೆ ಬೇರೊಬ್ಬರಿಗೆ ಗೊತ್ತಿಲ್ಲ. ಇಬ್ಬರೂ ತಮ್ಮ ಬಾಳನ್ನು ಹೊತ್ತುಕೊಂಡೇ ಒಳಗೆ ಬಂದವರು. ಒಬ್ಬನಿಗೆ ಅದು ಕಣ್ಣಿನ ಪೊರೆ, ಮತ್ತೊಬ್ಬನಿಗೆ ಕಣ್ಣೇ. ಬಾಳಿನ ಅನುಭವ ತಾನಾಗಿ ಕಾರಣವಲ್ಲ, ಅದು ತೀರ್ಪನ್ನು ಮೊದಲೇ ಬರೆದಿಟ್ಟಾಗ ಮಾತ್ರ ಕಾರಣ ಎಂಬ ಸೂಕ್ಷ್ಮವನ್ನು ರೋಸ್ ಒಂದು ಮಾತೂ ಬೋಧಿಸದೆ ತೋರಿಸಿದ್ದಾರೆ. ನಾಟಕದ ನಿಜವಾದ ಗೆಲುವು ಇದು.

ಆದರೆ ನಾಯಕನ ವಿಷಯದಲ್ಲಿ ಅವರು ಕಣ್ಣು ಮುಚ್ಚಿಕೊಂಡರೆಂದೇ ನನ್ನ ಆಕ್ಷೇಪ. ಎಂಟನೆಯವನ ಸಂದೇಹ ಅವನನ್ನು ತೆಗೆಯಲು ಕಾರಣವಾಗದು. ಸಾಕ್ಷ್ಯ ಸಾಲದೆನ್ನುವ ಸದಸ್ಯನನ್ನು ಅದಕ್ಕಾಗಿ ಹೊರಗಟ್ಟಲಾಗದೆಂದು 1987ರ ಬ್ರೌನ್ ಮೊಕದ್ದಮೆಯಲ್ಲಿ ವಾಷಿಂಗ್ಟನ್ನಿನ ಅಪೀಲು ನ್ಯಾಯಾಲಯ ಹೇಳಿದೆ. ಕಾರಣವಾಗುವುದು ಅವನ ಚಾಕು. ಹುಡುಗನ ಮನೆಯ ಬಳಿಯ ಅಂಗಡಿಯಿಂದ ಅಂಥದೇ ಒಂದನ್ನು ಗುಟ್ಟಾಗಿ ಕೊಂಡು ತಂದು ಮೇಜಿಗೆ ಚುಚ್ಚುತ್ತಾನೆ. ನಾವು ರೋಮಾಂಚಗೊಳ್ಳುತ್ತೇವೆ. ನ್ಯಾಯಾಲಯದಲ್ಲಿ ಎರಡು ಪಕ್ಷದವರೂ ಕಾಣದ ಸಾಕ್ಷ್ಯ ಅದು. ಜ್ಯೂರಿಯಾದವನು ತಾನೇ ಹುಡುಕಿ ತರಬಾರದು. ಅಂಥ ಚಾಕುವನ್ನು ಕೊಳ್ಳುವುದೇ ತಪ್ಪೆಂಬ ಸಣ್ಣ ಮಾತು ಚಿತ್ರದಲ್ಲಿ ಬರುತ್ತದೆ, ಈ ದೊಡ್ಡ ಮಾತು ಬರುವುದಿಲ್ಲ. ನ್ಯಾಯಾಧೀಶರಿಗೆ ತಿಳಿದಿದ್ದರೆ ಮನೆಗೆ ಹೋಗಬೇಕಾಗುತ್ತಿದ್ದವನು ಆ ಕೋಣೆಯ ಒಬ್ಬನೇ ನ್ಯಾಯವಂತ. ಆಗ ಹುಡುಗನ ಗತಿ? ಇದಕ್ಕಿಂತ ಉರಿಯುವ ಪ್ರಶ್ನೆ ನಾಟಕಕಾರನಿಗೆ ಇನ್ನೆಲ್ಲಿ ಸಿಕ್ಕೀತು? ತಣ್ಣನೆಯ ತಲೆಯ ಆ ನಾಲ್ಕನೆಯವನಿಂದ, ಶೇರು ದಲ್ಲಾಳಿಯಿಂದ, ಅದನ್ನು ಕೇಳಿಸಬಹುದಾಗಿತ್ತು.