‘ರೀ’ ಯಾರಿಗೆ, ‘ಲೇ’ ಯಾರಿಗೆ?

ಉತ್ತರ ಕರ್ನಾಟಕದ್ದು ಗಂಡುಮಾತು, ಜವಾರಿ ಮಾತು, ಜ್ವಾಳದ ರೊಟ್ಟಿಯಂಥ ಮಾತು ಎಂದು ಹೊಗಳುವ ಬರಹಗಳನ್ನು ಸಾಕಷ್ಟು ಓದಿದ್ದೇವೆ. ಹೊಗಳುವವರು ಎರಡು ಸಾಕ್ಷಿ ಮುಂದಿಡುತ್ತಾರೆ. ಒಂದು, ಕವಿರಾಜಮಾರ್ಗ. ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದಗಳ ನಡುವಿನದೇ ಕನ್ನಡದ ತಿರುಳು ಎಂದಿತು ಒಂಬತ್ತನೆಯ ಶತಮಾನದ ಆ ಗ್ರಂಥ. ಕಿಸುವೊಳಲು ಅಂದರೆ ಪಟ್ಟದಕಲ್ಲು. ಬೀಳಗಿ, ಮುಧೋಳ, ಜಮಖಂಡಿಗಳಿರುವ ಬಾಗಲಕೋಟೆ ಜಿಲ್ಲೆಯೊಳಗೇ ಐತಿ. ಇನ್ನೊಂದು ಸಾಕ್ಷಿ ‘ರೀ’. ಹೌದ್ರಿ, ಬರ್ರಿ, ಕುಂದರ್ರಿ: ಎಂಥಾ ಮರ್ಯಾದಿ ನೋಡ್ರಿ ಈ ಮಂದೀದು, ಅಂತಾರೆ. ಆ ಮರ್ಯಾದಿ ಯಾರ ಪಾಲಿಗೆ ಬಂತು ಎಂದು ಕೇಳಿದವರು ಕಡಿಮೆ.

ಬಾಳ ವರ್ಷ ಹೊರಗಿದ್ದು ಬೀಳಗಿ ತಾಲೂಕಿನ ಬಾಡಗಂಡಿ ಸೀಮೆಗೆ ತಿರುಗಿ ಬಂದವನ ಕಿವಿಗೆ ಮೊದಲು ಬೀಳೋದು ಮಾತಿನ ರುಚಿಯೇ, ಸುಳ್ಳಲ್ಲ. ಮನ್ಯಾಗ, ಹೊಲದಾಗ, ಹೋಗಾಕತ್ತೇನಿ, ಖರೇನ, ಅಡ್ಡಿಯಿಲ್ಲ. ಪಗಾರ, ದಫ್ತರ, ಇನಾಮು, ವತನ ಇವೂ ಮನೆಮಾತೇ ಆಗಿಬಿಟ್ಟಾವ. ಸುಲ್ತಾನರೂ ಸಂಸ್ಥಾನಿಕರೂ ಆಳಿ ಬಿಟ್ಟುಹೋದ ಮಾತುಗಳಿವು. ಜಮಖಂಡಿಯಲ್ಲಿ ಪಟವರ್ಧನರು, ಮುಧೋಳದಲ್ಲಿ ಘೋರ್ಪಡೆಯವರು 1948ರ ತನಕ ಇದ್ದರಲ್ಲ. ಆದರೆ ಒಂದೆರಡು ದಿನ ಕಟ್ಟೆಯ ಮೇಲೆ ಕುಂತು ಕಿವಿಗೊಟ್ಟರೆ ರುಚಿಯ ಕೆಳಗಿನ ಕಹಿಯೂ ತಿಳೀತದ.

ಊರಾಗ ಮಂದಿ ಒಬ್ಬರಿಗೊಬ್ಬರು ವಾವಿ ಹಚ್ಚಿ ಕರೀತಾರೆ: ಕಾಕಾ, ಮಾಮಾ, ಅತ್ತಿ, ಯಕ್ಕಾ. ಲಿಂಗಾಯತ ಹುಡುಗ ಮುಸಲ್ಮಾನ ಹಿರಿಯನಿಗೆ ಕಾಕಾ ಅಂತಾನೆ, ಛಲೋ ಮಾತು. ಈ ವಾವಿ ಕೇರಿಯ ತನಕ ಬಂದು ನಿಂತುಬಿಡುತ್ತಿತ್ತು. ಎಪ್ಪತ್ತು ವರ್ಷದ ಮುದುಕನನ್ನು ಗೌಡರ ಮನೆಯ ಹತ್ತು ವರ್ಷದ ಕೂಸು ಬರೇ ಹೆಸರು ಹಿಡಿದು ‘ಬಾರಲೇ’ ಅನ್ನೋದು, ಆ ಮುದುಕ ಕೂಸಿಗೆ ‘ಬಂದ್ನಿರಿ ಸಣ್ಣ ಧಣ್ಯಾರ’ ಅನ್ನೋದು. ‘ಯಪ್ಪಾ’ ಎಂದು ಕರೆಯುವ ಕೆಲಸ ಕೇರಿಯದು, ಕರೆಸಿಕೊಳ್ಳುವ ಹಕ್ಕು ವಾಡೆಯದು. ಅದೇ ‘ಲೇ’ ಇಬ್ಬರು ಗೆಳೆಯರ ನಡುವೆ ಎಂಥ ಪ್ರೀತಿಯ ಮಾತು! ಶಬ್ದದಾಗ ಏನೂ ತಪ್ಪಿಲ್ಲ. ಯಾರು ತಿರುಗಿ ಅನ್ನಬಹುದು, ಯಾರು ಅನ್ನಬಾರದು ಅನ್ನೋದರಾಗ ಐತಿ ಜಾತಿ. ‘ಅದ’ ಅಂದರೆ ಒಂದು ಓಣಿ, ‘ಐತಿ’ ಅಂದರೆ ಮತ್ತೊಂದು ಎಂದು ಇಲ್ಲಿ ಬಾಯಿ ತೆರೆದ ಕೂಡಲೇ ಗುರುತು ಹಿಡಿಯುತ್ತಾರೆ. ಧಾರವಾಡದ ಕನ್ನಡದಲ್ಲಿ ಇಂಥ ಜಾತಿಭೇದಗಳಿರುವುದನ್ನು ವಿಲಿಯಂ ಮೆಕಾರ್ಮ್ಯಾಕ್ 1960ರಲ್ಲೇ ಬರೆದಿದ್ದರು. ನಮ್ಮ ವಿಮರ್ಶಕರು ಮಾತ್ರ ‘ಪ್ರಾದೇಶಿಕ ಸೊಗಡು’ ಎಂಬ ಒಂದು ಪದದಲ್ಲಿ ಎಲ್ಲವನ್ನೂ ಮುಗಿಸಿಬಿಟ್ಟರು. ಸೊಗಡು ಅಂತ! ಮಾವಿನಕಾಯಿ ಉಪ್ಪಿನಕಾಯಿಗೆ ಅನ್ನೋ ಮಾತು.

ಈ ಸೊಗಡಿನ ಸಾಹಿತ್ಯದ ಕಟ್ಟಡವನ್ನೊಮ್ಮೆ ನೋಡಿರಿ. ಎಷ್ಟೋ ಕತೆಗಳಲ್ಲಿ ನಿರೂಪಕ ಇಸ್ತ್ರಿ ಮಾಡಿದ ಗ್ರಾಂಥಿಕ ಕನ್ನಡದಲ್ಲಿ ಮಾತಾಡುತ್ತಾನೆ. ಆಳುಮಗನಿಗೆ, ಕೇರಿಯ ಹೆಣ್ಣುಮಗಳಿಗೆ ಮಾತ್ರ ಉದ್ಧರಣ ಚಿಹ್ನೆಯೊಳಗೆ ಆಡುಮಾತು. ವಿಚಾರ ಮಾಡುವ ಹಕ್ಕು ಚಿಹ್ನೆಯ ಹೊರಗಿನವನಿಗೆ. ಒಳಗಿನವರಿಗೆ ಅಳಾಕ, ಬಯ್ಯಾಕ, ನಗಸಾಕ ಅಷ್ಟೇ ಪರವಾನಿಗಿ. ಊರ ಹೊರಗೆ ಕೇರಿ ಇಟ್ಟಂತೆ ಪುಟದೊಳಗೂ ಒಂದು ಕೇರಿ. ಸಿನಿಮಾದವರದು ಇನ್ನೂ ಸಸ್ತಾ. ನಮ್ಮ ಮಾತು ಕೇಳಿಸಿತೆಂದರೆ ನಗುವ ಪ್ರಸಂಗ ಬಂತೆಂದೇ ಲೆಕ್ಕ.

ದೇವನೂರ ಮಹಾದೇವರ ‘ಕುಸುಮಬಾಲೆ’ (1984) ಈ ಗೋಡೆಗೇ ಕೈ ಹಾಕಿತು. ನಂಜನಗೂಡು ಸೀಮೆಯ ಆಡುಮಾತು ಅಲ್ಲಿ ಪಾತ್ರಗಳ ಬಾಯಲ್ಲಷ್ಟೇ ಉಳಿಯಲಿಲ್ಲ, ಕತೆ ಹೇಳುವ ಮಾತೇ ಅದಾಯಿತು. ತಿಳಿಯೋದಿಲ್ಲ ಎಂದು ಗೊಣಗಿದವರು ಬಹಳ. ಹಳಗನ್ನಡ ತಿಳಿಯದಿದ್ದರೆ ನಿಘಂಟು ತೆರೆಯುವವರಿಗೆ ಕೇರಿಯ ಮಾತು ತಿಳಿಯದಿದ್ದರೆ ಸಿಟ್ಟು ಯಾಕ ಬರಬೇಕು?

ದಕ್ಷಿಣದ ಮಾತು ಬಿಡ್ರಿ, ನಮ್ಮಲ್ಲೇ ಇದಕ್ಕೆ ಹಳೆಯ ದಾರಿ ಐತಿ. 1857ರಲ್ಲಿ ಕುಂಪಣಿ ಸರಕಾರ ಹತ್ಯಾರ ಕಸಗೊಳ್ಳಾಕ ಬಂದಾಗ ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಕೊಡೋದಿಲ್ಲ ಎಂದು ತಿರುಗಿ ನಿಂತರು. ಊರು ಸುಟ್ಟರು, ಹಿಡಿದವರನ್ನು ಗಲ್ಲಿಗೇರಿಸಿದರು. ಆ ಬಂಡಾಯದ ಲಾವಣಿಯನ್ನು ಅಧಿಕಾರಿ ಫ್ಲೀಟ್ ಸಂಗ್ರಹಿಸಿ ಅಚ್ಚು ಮಾಡಿಸಿದ್ದರಿಂದ ಇಂದು ನಾವು ಓದುತ್ತೇವೆ. ಅದರಲ್ಲಿ ಹಾಡುವವನದೂ ಹೋರಾಡುವವನದೂ ಒಂದೇ ಸೀಮೆಯ ಮಾತು. ಆ ಮಾತಿಗೆ ಅಲ್ಲಿ ಯಾರೂ ನಗೋದಿಲ್ಲ. ಸಿಟ್ಟು, ಸಾವು, ಲೆಕ್ಕಾಚಾರ, ಇತಿಹಾಸ ಎಲ್ಲಾ ಅದರಾಗ ಹಿಡಿಸ್ಯಾವ.

ಸಾಲಿ ಮಾಸ್ತರರಿಗೆ ಒಂದು ಮಾತು. ಹುಡುಗ ‘ಐತಿ’ ಬರೆದರೆ ಕೆಂಪು ಶಾಯಿಯಲ್ಲಿ ಹೊಡೆದು ‘ಇದೆ’ ಬರೆಯುತ್ತೀರಿ. ಪರೀಕ್ಷೆಗೆ ಬೇಕು, ಇರಲಿ, ಎರಡೂ ಕಲಿಸಿರಿ. ಅದೇ ಹುಡುಗ ಆಟದ ಬಯಲಿನಾಗ ಕಸ ಹೊಡೆಯುವ ಮುದುಕಿಗೆ ‘ಏ ಇವಳ’ ಅಂದಾಗ ಕೆಂಪು ಶಾಯಿ ಎಲ್ಲಿ ಹೋಗಿರತದ?

ಇತ್ತೀಚೆಗೆ ಕೇರಿಯ ಹುಡುಗರು ಹಿರಿಯರನ್ನು ಕಂಡರೆ ‘ಜೈ ಭೀಮ್ರಿ ಕಾಕಾ’ ಅಂತಾರೆ. ‘ರೀ’ ಐತಿ, ವಾವಿ ಐತಿ, ಧಣಿ ಇಲ್ಲ. ಈ ಮೂರು ಪದಗಳಿಂದ ಶುರುವಾಗುವ ಕತೆಯನ್ನು, ಚಿಹ್ನೆಯ ಹೊರಗೆ ನಿಂತು, ಇದೇ ಮಾತಿನಾಗ ಬರೆದವರಿದ್ದರೆ ಕಳಿಸ್ರಿ, ಓದೋಣು.