ಕೇಳಿದೋರ್ಯಾರು?

ಅಮೆರಿಕದ ನ್ಯೂವಾರ್ಕ್ ಊರಿನ ಸರ್ಕಾರಿ ಶಾಲೆಗಳಲ್ಲಿ ಆಗ ಓದುತ್ತಿದ್ದವರು ಬಹುಪಾಲು ಕಪ್ಪು ಜನರ, ಬಡವರ ಮಕ್ಕಳು. 2010ರಲ್ಲಿ ಫೇಸ್‌ಬುಕ್ ಧಣಿ ಜುಕರ್‌ಬರ್ಗ್ ಟೀವಿಯಲ್ಲಿ ಕೂತು ಆ ಶಾಲೆಗಳ ಸುಧಾರಣೆಗೆ 10 ಕೋಟಿ ಡಾಲರ್ ಘೋಷಿಸಿದ. ಹೆತ್ತವರಿಗೆ ಸುದ್ದಿ ಸಿಕ್ಕಿದ್ದೂ ಟೀವಿಯಲ್ಲೇ!

ಡೇಲ್ ರುಸಾಕಾಫ್ ತಮ್ಮ ‘ದಿ ಪ್ರೈಜ್’ (2015) ಪುಸ್ತಕದಲ್ಲಿ ಈ ದಾನದ ಲೆಕ್ಕ ಬಿಚ್ಚುತ್ತಾರೆ. ಸಲಹೆಗಾರರಿಗೆ ದಿನಕ್ಕೆ 1000 ಡಾಲರ್. ಒಟ್ಟು 2 ಕೋಟಿಗೂ ಮೇಲೆ. ಸರ್ಕಾರದ ದುಡ್ಡಲ್ಲಿ ಖಾಸಗಿಯವರು ನಡೆಸುವ ಕೆಲವು ಚಾರ್ಟರ್ ಶಾಲೆಗಳಲ್ಲಿ ಮಕ್ಕಳು ಚೆನ್ನಾಗಿ ಕಲಿತದ್ದನ್ನೂ ಆಕೆ ಮುಚ್ಚಿಡುವುದಿಲ್ಲ. ಮೆಚ್ಚಬೇಕು. ಆಕೆ ಸಿಟ್ಟಾಗುವುದೇ ಇಲ್ಲ. ನಮಗೆ ಲೆಕ್ಕ ಓದಿಯೇ ಸಿಟ್ಟು ಬಂತು.

ಈ ಸುಧಾರಣೆಯನ್ನು ವಿರೋಧಿಸಿ ನಿಂತ ರಾಸ್ ಬರಾಕಾನನ್ನು 2014ರಲ್ಲಿ ಜನ ಮೇಯರ್ ಮಾಡಿದರು. ಅಲ್ಲೇ ಹೆಡ್‌ಮಾಸ್ಟರಾಗಿದ್ದವನು, ಕವಿ ಅಮೀರಿ ಬರಾಕಾನ ಮಗ. (ಕವಿಗಳ ಮನೆಯಿಂದ ಇಂಥದೂ ಆಗುತ್ತದೆ, ಗೆಳೆಯರೇ!)

ನಮ್ಮಲ್ಲೂ 2013ರ ಕಾಯ್ದೆಯಂತೆ ದೊಡ್ಡ ಕಂಪನಿಗಳು ಲಾಭದ ಶೇಕಡಾ 2ರಷ್ಟನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು. ಕೇರಿಯಿಂದ ಮೊದಲು ಡಿಗ್ರಿ ಮುಟ್ಟಿದ ನಾವು ಅಕ್ಷರ ಕಲಿತ ಶಾಲೆಗೂ ಆ ದುಡ್ಡಿನ ಬಣ್ಣ ಬಂದಿದೆ. ಬಣ್ಣ ಬೇಡ ಅನ್ನೋದಿಲ್ಲ. ಗೋಡೆ ತುಂಬ ಕಂಪನಿ ಹೆಸರು ಬರೆಯೋ ಮುಂಚೆ ನಮ್ಮವ್ವಂದಿರನ್ನ ಒಂದು ಮಾತು ಕೇಳಿದೋರಿಲ್ಲ.