ಹೋಗುವಾಗ ಎಂಟು, ಬರುವಾಗ ಹತ್ತು

ಬನಶಂಕರಿಯಿಂದ ದೇವನಹಳ್ಳಿ ಮುಟ್ಟಲು ಹಿಡಿಯುವ ಹೊತ್ತಿನ ಬಗ್ಗೆ ಈ ವಾರ ಬರೆಯುತ್ತೇನೆಂದಿದ್ದೆ. 2008ರ ಮೇ ತಿಂಗಳಲ್ಲಿ ವಿಮಾನಗಳು ಎಚ್‌ಎಎಲ್‌ನಿಂದ ಅತ್ತ ಹೋದಾಗಿನಿಂದ ನಮ್ಮ ಕಡೆಯವರಿಗೆ ಅದು ಮುಗಿಯದ ಮಾತು. ಅದು ಕಾಯಲಿ. ಜೆ.ಪಿ. ನಗರದ ಓದುಗರೊಬ್ಬರು ಇನ್ನೂ ಒಳ್ಳೆಯ ಪ್ರಶ್ನೆ ಕಳಿಸಿದ್ದಾರೆ: ಮಗಳ ಮನೆಗೆಂದು ನೇರ ವಿಮಾನದಲ್ಲಿ ಟೋಕಿಯೊಗೆ ಹೋಗುವಾಗ ಸುಮಾರು ಎಂಟು ಗಂಟೆ, ಬರುವಾಗ ಹತ್ತರ ಹತ್ತಿರ. ದಾರಿ ಒಂದೇ ಅಲ್ಲವೇ?

ಹೆಚ್ಚುಕಡಿಮೆ ಒಂದೇ. ಗೋಳದ ಮೇಲೆ ದೇವನಹಳ್ಳಿಯಿಂದ ಟೋಕಿಯೊದ ನರಿತಾ ನಿಲ್ದಾಣಕ್ಕೆ ದಾರ ಬಿಗಿದು ನೋಡಿ: ನೆಲ್ಲೂರಿನ ಬಳಿ ಬಂಗಾಳ ಕೊಲ್ಲಿಗಿಳಿದು, ಬಾಂಗ್ಲಾದೇಶದ ದಕ್ಷಿಣ ತುದಿ, ಮ್ಯಾನ್ಮಾರ್ ದಾಟಿ, ಚೀನಾದ ಚಾಂಗ್‌ಚಿಂಗ್‌ಗೆ ಸ್ವಲ್ಪ ತೆಂಕಲಲ್ಲಿ ಅರ್ಧ ದಾರಿ ಮುಗಿಯುತ್ತದೆ. ಒಟ್ಟು ಸುಮಾರು 6,700 ಕಿ.ಮೀ. ವಾಯುಮಾರ್ಗದ ಕಟ್ಟಳೆಗಳಿಗೆ ತಕ್ಕಂತೆ ವಿಮಾನ ಈ ದಾರದಿಂದ ಆಚೀಚೆ ಸರಿಯುವುದು ಬೇರೆ ಮಾತು.

ದೂರವನ್ನು ವೇಗದಿಂದ ಭಾಗಿಸಿ 'ಇಷ್ಟು ಗಂಟೆ' ಎಂದು ಒಂದೇ ಅಂಕಿ ಕೊಡುವವರೊಂದಿಗೆ ನನ್ನ ಜಗಳ ಹಳೆಯದು. ಅವರ ಲೆಕ್ಕದಲ್ಲಿ ಗಾಳಿಯೇ ಇಲ್ಲ. ಚಳಿಗಾಲದಲ್ಲಿ ಹಿಮಾಲಯದ ದಕ್ಷಿಣ ಅಂಚಿನಿಂದ ಜಪಾನಿನವರೆಗೆ, ವಿಮಾನ ಹಾರುವ ಎತ್ತರದಲ್ಲೇ, ಪಡುವಣದಿಂದ ಮೂಡಣಕ್ಕೆ ಜೆಟ್ ಪ್ರವಾಹ ಹರಿಯುತ್ತದೆ. ಗಂಟೆಗೆ 850 ಕಿ.ಮೀ. ಹಾರುವ ವಿಮಾನಕ್ಕೆ ದಾರಿಯುದ್ದಕ್ಕೂ ಸರಾಸರಿ 100 ಕಿ.ಮೀ. ಗಾಳಿ ಬೆನ್ನಿಗಿದ್ದರೆ 7 ಗಂಟೆ 3 ನಿಮಿಷ. ಎದುರಿಗಿದ್ದರೆ 8 ಗಂಟೆ 56 ನಿಮಿಷ. ನೆಲದ ಮೇಲಿನ ಓಡಾಟ, ಏರಿಳಿತದ ಹೊತ್ತು ಇದರ ಮೇಲೆ.

ಎರಡನ್ನೂ ಕೂಡಿಸಿ ನೋಡಿ. ಗಾಳಿಯೇ ಇಲ್ಲದಿದ್ದರೆ ಹೋಗಿಬರಲು ಬೇಕಾಗುತ್ತಿದ್ದುದಕ್ಕಿಂತ 13 ನಿಮಿಷ ಹೆಚ್ಚು! ಎದುರುಗಾಳಿಯಲ್ಲಿ ವಿಮಾನ ಹೆಚ್ಚು ಹೊತ್ತು ಸಿಕ್ಕಿಕೊಂಡಿರುತ್ತದೆ. ಹೋಗುವಾಗ ಗಳಿಸಿದ್ದು ಬರುವಾಗ ಪೂರ್ತಿ ಸಾಲುವುದಿಲ್ಲ. ಈ ಸಣ್ಣ ಗಣಿತ ನನಗೆ ಪ್ರತಿ ಸಲವೂ ಹೊಸ ಖುಷಿ ಕೊಡುತ್ತದೆ.

ಈ ಗಾಳಿಯನ್ನು ಮೊದಲು ಅಳೆದವರಲ್ಲೊಬ್ಬರು ಜಪಾನಿನವರೇ, ಓಯಿಶಿ ವಾಸಾಬುರೊ. ತಾತೆನೊ ವೀಕ್ಷಣಾಲಯದಿಂದ ಬಲೂನು ಹಾರಿಸಿ, ಅದರ ಜಾಡು ಹಿಡಿದು ಮೇಲಿನ ಗಾಳಿಯ ವೇಗ ಬರೆದಿಟ್ಟರು. ಲೋಕಕ್ಕೆಲ್ಲ ತಿಳಿಯಲೆಂದು 1926ರಲ್ಲಿ ಆ ವರದಿಯನ್ನು ಎಸ್ಪೆರಾಂಟೊ ಭಾಷೆಯಲ್ಲಿ ಪ್ರಕಟಿಸಿದರು. ಹೊರಗೆ ಓದಿದವರು ಕಡಿಮೆ. 1944ರಲ್ಲಿ ಟೋಕಿಯೊ ಮೇಲೆ ಹಾರಿದ ಅಮೆರಿಕದ ಬಿ-29 ಬಾಂಬರ್‌ಗಳು ಆ ಗಾಳಿಗೆ ಸಿಕ್ಕಿ ಗುರಿ ತಪ್ಪಿದವು. ಓಯಿಶಿಗೆ ಸಲ್ಲಬೇಕಾದ ಗೌರವ ಇನ್ನೂ ಸಂದಿಲ್ಲವೆಂದೇ ನನ್ನ ಅಭಿಪ್ರಾಯ.

ಜೆ.ಪಿ. ನಗರದವರಿಗೆ ಇನ್ನೊಂದು ಮಾತು: ಬೇಸಿಗೆಯಲ್ಲಿ ಈ ಪ್ರವಾಹ ಬಡಗಲಿಗೆ ಸರಿದು ಸೊರಗುತ್ತದೆ. ಜುಲೈನಲ್ಲಿ ಹೋದರೆ ಎರಡು ಪಯಣಗಳ ಅಂತರ ತಗ್ಗುತ್ತದೆ. ಜನವರಿಯಲ್ಲಾದರೆ ಮರಳುವ ದಿನ ಮನೆಯಲ್ಲಿ ಬೇರೆ ಕೆಲಸ ಇಟ್ಟುಕೊಳ್ಳಬೇಡಿ.